ನೀವು ಬೆಸೆದುಕೊಟ್ಟ ಸ್ಟ್ಯಾಂಡ್‌ಗಳ ವಿಚಾರ

ಮನೆಯಿಂದ
ಸೋಮವಾರ, ಊಟವಾದ ಮೇಲೆ

ಪ್ರೀತಿಯ ಯಜಮಾನರಿಗೆ,

ಉಗುರಿನ ಸಂದಿಯ ಗ್ರೀಸು ಇನ್ನೂ ಹೋಗದ ನಿಮ್ಮ ಮನೆಯವಳ ನಮಸ್ಕಾರ. ಹೇಗಿದ್ದೀರಿ? ಸೊಂಟನೋವು ಇಳಿಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ, ಅಥವಾ ಕೆಲಸ ಮುಗಿಯಲಿ ಎಂದು ಮುಂದೂಡಿ ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂರುತ್ತೀರಾ? ಆ ಎತ್ತರದ ನೀರಿನ ಟ್ಯಾಂಕಿಗೆ ಕಬ್ಬಿಣದ ಸುತ್ತು ಮೆಟ್ಟಿಲು ಬೆಸೆಯುವ ಕೆಲಸ ಎಲ್ಲಿಗೆ ಬಂತು? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿಮ್ಮ ಫೋನು ನನಗೆ ಗೊತ್ತಲ್ಲ. 'ಹೂಂ, ಎಲ್ಲಾ ಸರಿಯಾಗಿದೆ, ಇಡ್ತೀನಿ' ಅಂದರೆ ಮುಗಿಯಿತು. ಏಳು ತಿಂಗಳಿಂದ ಇದೇ ಕಥೆ. ಅಮ್ಮ ಹೇಗಿದ್ದಾಳೆ ಎಂದು ಕೇಳುತ್ತೀರಿ, ವ್ಯಾನ್ ಹೇಗಿದೆ ಎಂದು ಕೇಳುತ್ತೀರಿ, ಅಪ್ಪ ಹೇಗಿದ್ದಾರೆ ಎಂಬ ಮಾತು ಮಾತ್ರ ನಿಮ್ಮ ಬಾಯಿಂದ ಬರುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ನಡುವೆ ಇಟ್ಟುಬಿಡುವ ಹಾಗಿಲ್ಲ, ಪೂರ್ತಿ ಓದಬೇಕು. ನಾನು ರೋಸಿಹೋಗಿದ್ದೇನೆ ಎಂಬುದು ಮೊದಲೇ ಗೊತ್ತಿರಲಿ. ನಿಮ್ಮ ಮೇಲೂ, ನಿಮ್ಮಪ್ಪನ ಮೇಲೂ.

ಅತ್ತೆ ಚೆನ್ನಾಗಿದ್ದಾರೆ. ಮೊಣಕಾಲು ಬಿಟ್ಟರೆ ಬಾಯಿ ಸೇರಿದಂತೆ ಎಲ್ಲವೂ ಗಟ್ಟಿಯಾಗಿದೆ. ಮಾವನೂ ಆರಾಮ. ನಾನು ಅವರನ್ನು ಮಾವ ಎಂದು ಬರೆದ ಕಡೆ ನನಗೆ ಸಮಾಧಾನವಿದೆ ಎಂದು ತಿಳಿಯಿರಿ, ನಿಮ್ಮಪ್ಪ ಎಂದು ಬರೆದ ಕಡೆ ಇಲ್ಲ.

ವಿಷಯ ಶುರುವಾದದ್ದು ವ್ಯಾನಿನಿಂದ. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಸತ್ತುಹೋಗಿ ತಿಂಗಳಾಗಿತ್ತು. ಸಣ್ಣ ಗುಂಡಿ ಸಿಕ್ಕರೂ ವ್ಯಾನು ಮೂಗು ಮುಗ್ಗರಿಸಿ ಆಮೇಲೆ ಮೂರು ಸಲ ಕುಣಿಯುತ್ತಿತ್ತು. ಕಲ್ಲುಮಣ್ಣು ಸಾಗಿಸುವವರಿಗೆ ಅದು ಪರವಾಗಿಲ್ಲ. ನಾನು ಸಾಗಿಸುವುದು ಮೊಟ್ಟೆ! ಟ್ರೇಗಳ ಕೆಳಗೆ ಹಳೆಯ ಕಂಬಳಿ ಹಾಸಿದೆ, ಟ್ರೇಗಳ ನಡುವೆ ದಿಂಬು ತುರುಕಿದೆ, ಮದುವೆ ಹೆಣ್ಣನ್ನು ಕೂರಿಸಿಕೊಂಡು ಹೋಗುವವಳ ಹಾಗೆ ನಿಧಾನವಾಗಿ ಓಡಿಸಿದೆ. ಹಿಂದಿನಿಂದ ಎಲ್ಲರೂ ಹಾರನ್ ಹೊಡೆದು ಬೈದರು. ಆದರೂ ಬುಧವಾರ ಬೇಕರಿಯವನು ಮೇಲಿನ ಟ್ರೇ ಎತ್ತಿ, ಕೆಳಗೆ ಸುರಿಯುತ್ತಿದ್ದ ಹಳದಿಯನ್ನು ನೋಡಿ, 'ಅಕ್ಕಾ, ನಾನು ಮೊಟ್ಟೆ ಕೇಳಿದ್ದೆ, ಕಲಸಿಕೊಡಿ ಅಂತ ಹೇಳಿರ್ಲಿಲ್ಲ' ಅಂದ. ತಮಾಷೆಗೇ ಅಂದ. ಆದರೆ ಮುಂದಿನ ವಾರವೂ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂಬುದನ್ನು ತಮಾಷೆಗೆ ಹೇಳಲಿಲ್ಲ. ವರ್ಕ್‌ಶಾಪಿನಲ್ಲಿ ಕೇಳಿದರೆ ಹದಿನೈದು ದಿನ ಗಾಡಿ ಮುಟ್ಟಲು ಪುರುಸೊತ್ತಿಲ್ಲವಂತೆ. ಮನೆಗೆ ಬಂದು ಹೇಳಿಕೊಂಡೆ. ಮಾವ ಪೇಪರ್ ಮಡಚಿಟ್ಟು, 'ನಲವತ್ತು ವರ್ಷ ಬಸ್ ಡಿಪೋದಲ್ಲಿ ಏನು ಕಡಲೆಕಾಯಿ ಬಿಡಿಸ್ತಿದ್ದೆ ಅಂದ್ಕೊಂಡ್ಯಾ? ಸಾಮಾನು ತಂದುಕೊಡು. ಅರ್ಧ ದಿನದ ಕೆಲಸ' ಅಂದರು. ಆ ಅರ್ಧ ದಿನ ನಾಲ್ಕು ದಿನವಾಯಿತು.

ಗುರುವಾರ ಬೆಳಿಗ್ಗೆ ಹೊಸ ಶಾಕ್ ಅಬ್ಸಾರ್ಬರ್ ತಂದೆ. ಮಾವನ ಹತ್ತಿರ ಕೆಲಸ ಕಲಿಯುವುದೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಅಂಗಳ ಗೇಟಿನ ಕಡೆ ಇಳಿಜಾರು, ಅಲ್ಲಿ ಬೇಡ, ಹಿಂದೆ ಸಮತಟ್ಟಾದ ಸಿಮೆಂಟಿನ ಮೇಲೆ ನಿಲ್ಲಿಸು ಅಂದರು. ನಿಲ್ಲಿಸಿದೆ. ಹ್ಯಾಂಡ್ ಬ್ರೇಕ್ ಎಳೆ, ಗೇರಿನಲ್ಲಿ ಬಿಡು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡು. ಕೊಟ್ಟೆ. ಚಕ್ರದ ನಟ್‌ಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡು, ಎತ್ತಿದ ಮೇಲೆ ಜಗ್ಗಬೇಡ. ಮಾಡಿದೆ. ಕೀ ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದಕ್ಕೆ ಬೈಸಿಕೊಂಡೆ. ಡಿಪೋದಲ್ಲಿ ಯಾರು ಗಾಡಿಯ ಕೆಳಗೆ ಹೋಗುತ್ತಾರೋ ಕೀ ಅವರ ಜೇಬಿನಲ್ಲೇ ಇರಬೇಕಂತೆ, ಮ್ಯಾನೇಜರ್ ಕೇಳಿದರೂ ಕೊಡಬಾರದಂತೆ. ಜಾಕನ್ನು ಚಾಸಿಯ ದಪ್ಪ ಜಾಗಕ್ಕೆ ಕೊಟ್ಟು ಎತ್ತಿಯೂ ಆಯಿತು. ಇನ್ನು ಕೆಳಗೆ ಹೋಗಿ ಬೋಲ್ಟ್ ಬಿಚ್ಚುವುದೊಂದೇ ಬಾಕಿ ಎಂದು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರೆ, ನಿಮ್ಮಪ್ಪ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಕೆಳಗೆ ಹೋಗುವ ಹಾಗಿಲ್ಲ, ಬರೀ ಜಾಕಿನ ಮೇಲೆ ನಿಂತಿದೆ ಅಂದರು. ಜಾಕಿನ ಕತ್ತಿನ ಹತ್ತಿರ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕಾಫಿ ಕುಡಿದು ಬಾ ಎಂದು ನನ್ನನ್ನು ಒಳಗೆ ಕಳಿಸಿದರು. ಬಂದು ನೋಡಿದರೆ ವ್ಯಾನು ಒಂದು ಬೆರಳು ಇಳಿದಿತ್ತು. 'ಜಾಕು ಎತ್ತೋಕೆ ಮಾತ್ರ. ಹೊತ್ತು ನಿಲ್ಲೋಕಲ್ಲ. ಇದನ್ನ ನಂಬಿ ಕೆಳಗೆ ಮಲಗಿದವರನ್ನ ನಾನೇ ಇಬ್ಬರನ್ನ ಹೊರಗೆ ಎಳೆದಿದ್ದೀನಿ' ಅಂದರು. ಸಿಕ್ಕಿಸಿದ್ದ ಸೆರಗು ಬಿಚ್ಚಿಕೊಂಡು ನಾನು ಹಿಂದೆ ಸರಿದೆ.

ಸರಿ, ಜಾಕು ಸಾಲದು, ಕೆಳಗೆ ಸ್ಟ್ಯಾಂಡ್ ಕೊಡಬೇಕು. ನನಗೆ ಖುಷಿಯೇ ಆಯಿತು. ನೀವು ಹೋಗುವ ಮುಂಚೆ ಎರಡು ದಿನ ನಿದ್ದೆಗೆಟ್ಟು ದಪ್ಪ ಪೈಪು, ದಪ್ಪ ಪ್ಲೇಟು ಹಾಕಿ ಅವರಿಗೆಂದೇ ಬೆಸೆದುಕೊಟ್ಟ ಎರಡು ಸ್ಟ್ಯಾಂಡ್‌ಗಳು ನೀರಿನ ತೊಟ್ಟಿಯ ಹಿಂದೆ ಬಿದ್ದಿವೆಯಲ್ಲ! ಅವತ್ತು ಅವರು ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅನ್ನಲಿಲ್ಲ, ತೊಟ್ಟಿಯ ಹಿಂದೆ ಇಟ್ಟು ಗೋಣಿ ಹೊದಿಸಿ ಒಳಗೆ ಹೋದರು. ನೀವು ಆ ಸಿಟ್ಟಿನಲ್ಲೇ ಬಸ್ಸು ಹತ್ತಿದಿರಿ. ಈ ಏಳು ತಿಂಗಳ ಮೌನವೆಲ್ಲ ಅದರದ್ದೇ. ಅದಕ್ಕೇ ನನಗೆ ಒಂದೇ ಆಸೆಯಿತ್ತು ಕಣ್ರೀ. ಮಾವ ನಿಮ್ಮ ಸ್ಟ್ಯಾಂಡ್‌ಗಳ ಮೇಲೆ ವ್ಯಾನು ನಿಲ್ಲಿಸಿ ಕೆಲಸ ಮಾಡಿದರು ಎಂದು ಒಂದು ಸಾಲು ನಿಮಗೆ ಬರೆಯಬೇಕು, ಅಷ್ಟೇ. ಅದೊಂದು ಸಾಲು ಓದಿದರೆ ನೀವು ಫೋನಿನಲ್ಲಿ ಅಪ್ಪನಿಗೆ ಕೊಡು ಅನ್ನುತ್ತೀರಿ, ಮನೆ ಮನೆಯ ಹಾಗಾಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ಗೋಣಿ ತೆಗೆದು ಎರಡನ್ನೂ ಎಳೆದುಕೊಂಡು ಬಂದೆ. ನಿಮ್ಮಪ್ಪ ಅತ್ತ ತಿರುಗಿಯೂ ನೋಡದೆ, 'ಅದು ಬೇಡ' ಅಂದರು. ಯಾಕೆ ಬೇಡ? 'ಬೇಡ ಅಂದೆನಲ್ಲ.' ಹೋಗಲಿ, ಇಟ್ಟಿಗೆ ಪೇರಿಸಲಾ ಎಂದು ಕೇಳಿದ್ದಕ್ಕೆ ಎದ್ದು ನಿಂತು ಕೂಗಾಡಿದರು. ಇಟ್ಟಿಗೆ ಹೇಳದೆ ಕೇಳದೆ ಪುಡಿಯಾಗುತ್ತದಂತೆ, ಮನೆಯಲ್ಲಿ ಬುದ್ಧಿ ಇರುವವಳು ಒಬ್ಬಳೇ ಎಂದುಕೊಂಡಿದ್ದರಂತೆ, ಅದೂ ಹೋಯಿತಂತೆ. ಅತ್ತೆ ಮೆಟ್ಟಿಲ ಮೇಲಿಂದಲೇ, 'ಹಾಗಾದ್ರೆ ನಾನು ಯಾರು?' ಎಂದು ಕೇಳಿದರು. ಆ ಜಗಳ ಬೇರೆ ದಾರಿ ಹಿಡಿಯಿತು, ಅದನ್ನು ಬರೆಯುವುದಿಲ್ಲ. ಕೊನೆಗೆ ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಉದ್ದುದ್ದ ಪೇರಿಸಿ ಅದರ ಮೇಲೆ ನಿಲ್ಲಿಸುವುದು ಎಂದಾಯಿತು. ವ್ಯಾನನ್ನು ಮತ್ತೆ ಕೆಳಗಿಳಿಸಿದೆವು.

ಶುಕ್ರವಾರ ಪೂರ್ತಿ ದಿಮ್ಮಿ ಹುಡುಕಿದ್ದೇ ಕೆಲಸ. ಒಂದು ಮರದಂಗಡಿಯಲ್ಲಿ ಸಿಕ್ಕಿದ್ದು ಸೀಳು ಬಿಟ್ಟಿತ್ತು, ಇನ್ನೊಂದರಲ್ಲಿ ಹಸಿಯಾಗಿತ್ತು, ಮತ್ತೊಂದರಲ್ಲಿ ಒಂದೊಂದು ಒಂದೊಂದು ದಪ್ಪ. ನಿಮ್ಮಪ್ಪ ಪ್ರತಿಯೊಂದನ್ನೂ ಬೆರಳಲ್ಲಿ ಕುಟ್ಟಿ, ಕಿವಿಗೊಟ್ಟು ಕೇಳಿ, ಹೆಣ್ಣು ನೋಡಲು ಹೋದವರ ಹಾಗೆ ಮುಖ ಮಾಡಿ ವಾಪಸ್ ಬಂದರು. ಇತ್ತ ನಾನು ಆ ಕುಣಿಯುವ ವ್ಯಾನನ್ನು ನಂಬದೆ ತಳ್ಳುಗಾಡಿ ಬೇಡಿ ತಂದು, ಮೊಟ್ಟೆ ಪೇರಿಸಿಕೊಂಡು, ಬಿಸಿಲಲ್ಲಿ ಬೇಕರಿಯವರೆಗೆ ತಳ್ಳಿದೆ. ದಾರಿಯಲ್ಲಿ ಒಬ್ಬರೂ ಬಿಡದೆ 'ವ್ಯಾನ್ ಏನಾಯ್ತು?' ಎಂದು ಕೇಳಿದರು. ವ್ಯಾನಿಗೇನೂ ಆಗಿಲ್ಲ, ನಮ್ಮ ಮನೆಯವರಿಗೆ ಆಗಿದೆ ಎಂದು ಹೇಳಬೇಕೆನಿಸಿತು. ಮನೆಗೆ ಬಂದಾಗ ತೋಳು ಬಿದ್ದುಹೋಗಿತ್ತು. ಎರಡು ಗಟ್ಟಿ ಸ್ಟ್ಯಾಂಡ್‌ಗಳು ಅಂಗಳದಲ್ಲಿ ಕಣ್ಣೆದುರಿಗೇ ಕೂತಿವೆ, ಈ ಮನುಷ್ಯ ಮರ ಕುಟ್ಟುತ್ತಾ ಊರು ಸುತ್ತುತ್ತಿದ್ದಾರೆ! ಮಗನ ಕೆಲಸ ಒಪ್ಪಿಕೊಂಡರೆ ಇವರ ದೊಡ್ಡಸ್ತಿಕೆ ಸವೆದುಹೋಗುತ್ತದೆಯೇ ಎಂದು ಅತ್ತೆಯ ಮುಂದೆ ಗಟ್ಟಿಯಾಗಿಯೇ ಅಂದೆ. ಅತ್ತೆ, 'ಅಪ್ಪ ಮಗ ಇಬ್ಬರೂ ಒಂದೇ ಅಚ್ಚು. ನನ್ನ ಕೇಳಬೇಡ' ಅಂದರು.

ಶನಿವಾರ ನಾನು ಮಾಡಿದ್ದನ್ನು ಓದಿ ಕೂಗಾಡಬೇಡಿ, ಅದರ ಪಾಲಿನ ಬೈಗುಳ ಆಗಲೇ ತಿಂದಾಗಿದೆ. ಮಾವ ಮತ್ತೆ ದಿಮ್ಮಿಗೆಂದು ಹೊರಟ ಮೇಲೆ ನಾನೊಬ್ಬಳೇ ವ್ಯಾನಿಗೆ ಅಡೆ ಕೊಟ್ಟೆ, ಜಾಕಿನಲ್ಲಿ ಎತ್ತಿದೆ, ನಿಮ್ಮ ಎರಡು ಸ್ಟ್ಯಾಂಡ್‌ಗಳನ್ನೂ ಚಾಸಿಯ ಕೆಳಗೆ ಸರಿಯಾಗಿ ಕೊಟ್ಟು ಜಾಕು ಇಳಿಸಿದೆ. ನಿಂತಿತು. ಬಂಡೆಯ ಹಾಗೆ ನಿಂತಿತು. ಮಾವ ಗೇಟು ತೆಗೆಯುವ ಸದ್ದು ಕೇಳಿದ ತಕ್ಷಣ ಕೀ ಜೇಬಿಗೆ, ಅಲ್ಲ, ಸೆರಗಿನ ಗಂಟಿಗೆ ಹಾಕಿಕೊಂಡು ಕೆಳಗೆ ನುಗ್ಗಿ ಅಂಗಾತ ಮಲಗಿದೆ. 'ಮಾವಾ, ನಿಮ್ಮ ಮಗನ ಕೆಲಸದ ಕೆಳಗೆ ನಿಮ್ಮ ಸೊಸೆ ಮಲಗಿದ್ದಾಳೆ, ಈಗೇನಂತೀರಿ?' ಎಂದು ಒಳಗಿನಿಂದಲೇ ಕೂಗಿದೆ. ಅವರು ಬೈಯುತ್ತಾರೆ, ಆಮೇಲೆ ನಗುತ್ತಾರೆ, ಆಮೇಲೆ ಒಪ್ಪುತ್ತಾರೆ ಎಂಬ ಎಣಿಕೆ ನನ್ನದು. ಮೂರೂ ಆಗಲಿಲ್ಲ. ಅವರ ಚಪ್ಪಲಿ ಕಾಣಿಸಿತು, ಆಮೇಲೆ ಮೊಣಕಾಲು, ಆಮೇಲೆ ಮುಖ. ತುಂಬ ಮೆಲ್ಲಗೆ, 'ಅಲ್ಲಾಡಬೇಡಮ್ಮಾ. ಉಸಿರಾಡು, ಕೈಕಾಲು ಆಡಿಸಬೇಡ' ಅಂದರು. ನನ್ನನ್ನು ಎಳೆಯಲಿಲ್ಲ. ಮೊದಲು ಜಾಕು ತಂದು ಕೊಟ್ಟು, ಭಾರ ಅದರ ಮೇಲೆ ಬರುವವರೆಗೆ ಒಂದೊಂದೇ ಸಲ ಪಂಪು ಮಾಡಿದರು. ಅವರ ಉಸಿರಿನ ಸದ್ದು ನನಗೆ ಕೇಳುತ್ತಿತ್ತು. ಆಮೇಲೆ, ಈಗ ಬಾ ಅಂದರು. ನಾನು ಹೊರಗೆ ಬಂದು ಸೀರೆ ಕೊಡವಿಕೊಳ್ಳುತ್ತಾ, ಇಷ್ಟೊಂದು ನಾಟಕ ಬೇಕಿತ್ತಾ ಎಂದು ಕೇಳಿದೆ. ಅವರು ಮೆಟ್ಟಿಲ ಮೇಲೆ ಕೂತು, 'ನಾಳೆ ತೋರಿಸ್ತೀನಿ. ಅಲ್ಲಿವರೆಗೆ ನನ್ನ ಕಣ್ಣಿಗೆ ಬೀಳಬೇಡ' ಅಂದರು. ನನ್ನ ಮದುವೆಯಾಗಿ ಇಷ್ಟು ವರ್ಷದಲ್ಲಿ ಮಾವ ನನಗೆ ಅಂಥ ಮಾತು ಹೇಳಿರಲಿಲ್ಲ. ಬಿಟ್ಟಿ ಬೈಗುಳ ತಿಂದೆ ಎಂದು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ನಿನ್ನೆ ಭಾನುವಾರ ಬೆಳಿಗ್ಗೆ ತೋರಿಸಿದರು. ಮೊದಲು ಸ್ಟೆಪ್ನಿ ಚಕ್ರವನ್ನು ವ್ಯಾನಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿಸಿದರು. ಸ್ಟ್ಯಾಂಡ್‌ಗಳ ಮೇಲೆ ಭಾರ ಬಿಟ್ಟು ಜಾಕು ತೆಗೆದರು. ನನ್ನನ್ನೂ ಅತ್ತೆಯನ್ನೂ ದೂರ ನಿಲ್ಲಿಸಿ, ಯಾರೂ ಕೆಳಗಿಲ್ಲ ತಾನೆ ಎಂದು ಬಗ್ಗಿ ನೋಡಿ, ಎದ್ದು, ಮತ್ತೆ ಬಗ್ಗಿ ನೋಡಿದರು. ಆಮೇಲೆ ಸೊಂಟವನ್ನು ಬಾಗಿಲಿಗೆ ಆನಿಸಿ ವ್ಯಾನನ್ನು ತಳ್ಳಿದರು. ಡಿಪೋದಲ್ಲಿ ಕೆಳಗೆ ಹೋಗುವ ಮುಂಚೆ ಮೂರು ಸಲ ಹೀಗೆ ತಳ್ಳಿ ನೋಡುವುದು ರೂಢಿಯಂತೆ. ಒಂದನೆಯ ಸಲ ಏನೂ ಆಗಲಿಲ್ಲ. ನಾನು ಅತ್ತೆಯ ಕಡೆ ನೋಡಿ ಹುಬ್ಬು ಹಾರಿಸಿದೆ. ಎರಡನೆಯ ಸಲವೂ ಏನೂ ಆಗಲಿಲ್ಲ. ಮೂರನೆಯ ಸಲ ಟಣ್ ಎಂದು ಒಂದು ಸದ್ದು ಬಂತು, ಸ್ಟ್ಯಾಂಡಿನ ಕಾಲೊಂದು ಬೆಸುಗೆಯಿಂದ ಕಿತ್ತು ಹಾರಿತು, ವ್ಯಾನು ಧಡ್ ಎಂದು ಸ್ಟೆಪ್ನಿಯ ಮೇಲೆ ಕೂತಿತು. ಧೂಳು ಎದ್ದಿತು. ಅತ್ತೆ ನನ್ನ ತೋಳು ಹಿಡಿದ ಜಾಗ ಇನ್ನೂ ನೀಲಿಗಟ್ಟಿದೆ.

ಶನಿವಾರ ನನ್ನ ಎದೆ ಇದ್ದದ್ದು ಸರಿಯಾಗಿ ಆ ಜಾಗದಲ್ಲೇ ಕಣ್ರೀ. ಸ್ಟೆಪ್ನಿ ಇಡಬೇಕೆಂಬುದೂ ನನಗೆ ಗೊತ್ತಿರಲಿಲ್ಲ. ಒಂದು ಸೀನು ಬಂದಿದ್ದರೆ, ಮಂಡಿ ಮಡಚಿದ್ದರೆ, ಇವತ್ತು ಈ ಕಾಗದ ಬರೆಯುವವರು ಬೇರೆ ಇರುತ್ತಿದ್ದರು. ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ನಿಮ್ಮ ಮೇಲೆ. ನಾಲ್ಕು ದಿನ ನಿಮ್ಮ ಪರವಾಗಿ ಆ ಮುದುಕನ ಜೊತೆ ಕಚ್ಚಾಡಿದೆನಲ್ಲ, ಮಾತಿಗೆ ಮಾತು ಕೊಟ್ಟೆನಲ್ಲ, ಅಷ್ಟು ಆತುರ ಏನಿತ್ತು ನಿಮಗೆ? ಎರಡರ ಬದಲು ಮೂರು ದಿನ ತಗೊಂಡು ಸರಿಯಾಗಿ ಬೆಸೆಯಬಾರದಿತ್ತೇ? ಅದಕ್ಕಿಂತ ಸಿಟ್ಟು ನಿಮ್ಮಪ್ಪನ ಮೇಲೆ. ಗೊತ್ತಿದ್ದರೆ ಬಾಯಿಬಿಟ್ಟು ಹೇಳಬಾರದೇ? ಬೆಸುಗೆ ಸರಿಯಿಲ್ಲ ಎಂಬ ಎರಡು ಪದ ಹೇಳಲು ಏಳು ತಿಂಗಳು ಬೇಕೇ? ಇದನ್ನು ಅವರ ಮುಖಕ್ಕೇ ಕೇಳಿದೆ. ಅವರು ಗೆದ್ದೆ ಎಂಬ ಮುಖ ಮಾಡಿದ್ದರೆ ಇನ್ನಷ್ಟು ಕೇಳುತ್ತಿದ್ದೆ. ಆದರೆ ಅವರು ಮುರಿದ ಕಾಲನ್ನು ಕೈಯಲ್ಲಿ ಹಿಡಿದು ತಾವೇ ತಪ್ಪು ಮಾಡಿದವರ ಹಾಗೆ ನಿಂತಿದ್ದರು.

ಮಿಕ್ಕಿದ್ದು ಸರಾಗವಾಗಿ ಆಯಿತು. ಟೈರಿನಂಗಡಿಯವನು ತನ್ನ ಸ್ಟ್ಯಾಂಡ್‌ಗಳನ್ನು ಒಂದು ದಿನಕ್ಕೆ ಕೊಟ್ಟ. ತುಕ್ಕು ಹಿಡಿದ ಒಂದು ಬೋಲ್ಟು ಮಾತ್ರ ಎಣ್ಣೆ ಕುಡಿಸಿದರೂ ಬೈದರೂ ಜಪ್ಪಯ್ಯ ಅನ್ನಲಿಲ್ಲ, ಕೊನೆಗೆ ಪಾನಾಕ್ಕೆ ಉದ್ದ ಪೈಪು ಸಿಕ್ಕಿಸಿ ನಾನೂ ಮಾವನೂ ಸೇರಿ ಜಗ್ಗಿದಾಗ ಬಿಟ್ಟಿತು. ಸಂಜೆಯೊಳಗೆ ಎರಡೂ ಕಡೆ ಹೊಸದು ಹಾಕಿ ಮುಗಿಸಿದೆವು. ಇವತ್ತು ಬೆಳಿಗ್ಗೆ ಬೇಕರಿಗೆ ಹೋಗಿಬಂದೆ. ಒಂದು ಮೊಟ್ಟೆಯೂ ಒಡೆದಿರಲಿಲ್ಲ. ಬೇಕರಿಯವನು ಟ್ರೇ ಎತ್ತಿ ಎತ್ತಿ ನೋಡಿ, 'ಇವತ್ತು ಹೊಸ ಕೋಳಿನಾ ಅಕ್ಕಾ?' ಅಂದ. ನನಗೆ ನಗು ಬರಲಿಲ್ಲ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಹೊದಿಕೆ ಸಾಕಾಗದಿದ್ದರೆ ಕಳಿಸುತ್ತಾರಂತೆ. ಮಾವ ಆಶೀರ್ವಾದ ಹೇಳಲಿಲ್ಲ. ಕಾಗದ ಮುಗಿಯಿತಾ ಎಂದು ಎರಡು ಸಲ ಬಾಗಿಲ ಹತ್ತಿರ ಬಂದು ನೋಡಿ ಹೋದರು, ಅದನ್ನೇ ಆಶೀರ್ವಾದ ಅಂದುಕೊಳ್ಳಿ. ಮೈ ಕಡೆ ಜೋಪಾನ.

ಇಂತಿ,
ನೀವೇ ಹೆಸರಿಟ್ಟ
ಗಯ್ಯಾಳಿ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಂಚೆಗೆ ಹಾಕುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ನಿನ್ನೆ ಕೆಲಸ ಮುಗಿದ ಮೇಲೆ ಮಾವ ನನ್ನನ್ನು ತೊಟ್ಟಿಯ ಹತ್ತಿರ ಕರೆದು ಎರಡೂ ಸ್ಟ್ಯಾಂಡ್‌ಗಳನ್ನು ತಿರುಗಿಸಿ ತಿರುಗಿಸಿ ತೋರಿಸಿದರು. ಪ್ರತಿ ಕಾಲಿನಲ್ಲೂ ಎಡಗಡೆಯ ಬೆಸುಗೆ ಕಣ್ಣಿಗೆ ಒತ್ತಿಕೊಳ್ಳುವ ಹಾಗಿದೆ. ಬಲಗಡೆಯದ್ದು ಎಲ್ಲ ಕಾಲಿನಲ್ಲೂ ಜೋಡಣೆಯ ಗೆರೆ ಬಿಟ್ಟು ಒಂದು ಅಕ್ಕಿಕಾಳಿನಷ್ಟು ಆಚೆ ಕೂತಿದೆ. 'ಕೈ ತಪ್ಪಾದ್ರೆ ಒಂದೊಂದು ಕಡೆ ಒಂದೊಂದು ಥರ ತಪ್ಪುತ್ತಮ್ಮಾ. ಆತುರವೂ ಅಲ್ಲ ಇದು. ಎಲ್ಲಾ ಕಡೆ ಒಂದೇ ಥರ ತಪ್ಪಿದೆ. ಅವನಿಗೆ ಬಲಗಣ್ಣು ಕಾಣ್ತಿಲ್ಲ' ಅಂದರು. ಬಿಸಿಲಿಗೆ ಹಿಡಿದು ನೋಡಿದ ದಿನವೇ ಅವರಿಗೆ ಗೊತ್ತಾಯಿತಂತೆ. ಹೇಳಿದರೆ ನಿಮ್ಮ ಕೆಲಸ ಹೋಗುತ್ತದೆ, ನೀವು ಕುಗ್ಗಿಹೋಗುತ್ತೀರಿ ಎಂದು ಬಾಯಿಮುಚ್ಚಿಕೊಂಡರಂತೆ. ನೀವೇ ಹೇಳುತ್ತೀರಿ ಎಂದು ಕಾದರಂತೆ. ಆ ಮನುಷ್ಯ ಹೇಳುತ್ತಾ ಹೇಳುತ್ತಾ ಅತ್ತರು ಕಣ್ರೀ. ನಾನೂ ಎಂಥ ಕುರುಡಿ! ಹೋದ ಸಲ ಬಂದಾಗ ಪೇಪರನ್ನು ಕೋಳಿಯ ಹಾಗೆ ಕತ್ತು ಓರೆ ಮಾಡಿ ಓದುತ್ತಿದ್ದಿರಿ, ಬಲ ಭುಜ ಎರಡು ಸಲ ಬಾಗಿಲಿಗೆ ಬಡಿದುಕೊಂಡಿರಿ, ನಾನು ನಿದ್ದೆಗಣ್ಣು ಎಂದು ನಕ್ಕಿದ್ದೆ. ನಿಮಗೆ ಗೊತ್ತಿದೆ, ಅಲ್ಲವೇ? ಗೊತ್ತಿದ್ದೂ ಅಷ್ಟು ಎತ್ತರಕ್ಕೆ ಹತ್ತುತ್ತೀರಿ. ನೀವು ಬೆಸೆದ ಮೆಟ್ಟಿಲ ಮೇಲೆ ನಾಳೆ ಯಾರು ಯಾರೋ ಕಾಲಿಡುತ್ತಾರೆ. ಅವರಿಗೆ ಕೆಳಗೆ ಸ್ಟೆಪ್ನಿ ಇಡುವವರು ಯಾರೂ ಇಲ್ಲ. ಈಗ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಮುಂದಿನ ಸಾಲು ಓದಿ.

ನಿಮ್ಮಪ್ಪನಿಗೆ ನಿಮ್ಮ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ.

ಓದಲು ಆಗದೇ ಹೋದರೆ ಕೈ ತೆಗೆದು ಓದಿ. ಆಮೇಲೆ ಅಲ್ಲಿನ ಇಂಜಿನಿಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಕೆಳಗಿಳಿದು ಮನೆಗೆ ಬನ್ನಿ.